ಜಿಂಕೆಗೂ ಎಲ್ಕ್‌ಗೂ ಒಂದೇ ರೈಫಲ್: ಯಾವ ಕ್ಯಾಲಿಬರ್ ತಗೊಳ್ಳಲಿ?

ಕಾಫಿಹೂವು · ಜೂನ್ 14

ಎಲ್ಲರಿಗೂ ನಮಸ್ಕಾರ. ಊರು ಸಕಲೇಶಪುರದ ಹತ್ತಿರ, ಈಗ ಇರುವುದು ಕೊಲೊರಾಡೋದ ಫೋರ್ಟ್ ಕಾಲಿನ್ಸ್‌ನಲ್ಲಿ. ಈ ಸಲ ಶಿಕಾರಿ ಪರವಾನಗಿಯ ಲಾಟರಿ ಡ್ರಾದಲ್ಲಿ ನನಗೆ ಹೆಣ್ಣು ಎಲ್ಕ್ (ಇಲ್ಲಿನ ದೊಡ್ಡ ಜಾತಿಯ ಜಿಂಕೆ) ಟ್ಯಾಗ್, ಅಂದರೆ ಒಂದನ್ನು ಹೊಡೆಯುವ ಅನುಮತಿ, ಬಂದಿದೆ. ನಮ್ಮ ಯಜಮಾನರಿಗೆ ಗಂಡು ಮ್ಯೂಲ್ ಡಿಯರ್ (ಎಲ್ಕ್‌ಗಿಂತ ಚಿಕ್ಕ ಜಿಂಕೆ). ಎರಡೂ ಇದೇ ರಾಜ್ಯದ ವಾಲ್ಡನ್ ಕಡೆ. ಇಬ್ಬರಿಗೂ ಇದು ಮೊದಲ ಶಿಕಾರಿ. ಹಂಟರ್ ಎಜುಕೇಶನ್ ಮುಗಿಸಿದ್ದೇವೆ (ಇಲ್ಲಿ 1949ರ ಜನವರಿ 1 ಮತ್ತು ಆಮೇಲೆ ಹುಟ್ಟಿದವರೆಲ್ಲ ಮಾಡಲೇಬೇಕು). ಗ್ರೀನ್ ಕಾರ್ಡ್ ಇದೆ. ರೈಫಲ್ ಮಾತ್ರ ಇಲ್ಲ. ಯಾವ ಕ್ಯಾಲಿಬರ್ (ಗುಂಡಿನ ಅಳತೆ, ಅದಕ್ಕೆ ತಕ್ಕ ತೋಟಾ) ಅನ್ನುವುದೇ ಪ್ರಶ್ನೆ.

ತಾತನ ಮನೆಯಲ್ಲಿ ಜೋಡು ನಳಿಕೆ ಕೋವಿ ಇತ್ತು. ಅದನ್ನು ಒರೆಸಿ ಎಣ್ಣೆ ಹಚ್ಚುವ ಕೆಲಸ ನನ್ನದು, ಹೊಡೆಯುವ ಕೆಲಸ ಗಂಡಸರದ್ದು. ಹಾಗಾಗಿ ನನ್ನ ಅನುಭವ ಅಷ್ಟಕ್ಕಷ್ಟೇ.

ಮೊನ್ನೆ ಅಂಗಡಿಗೆ ಹೋದೆವು. ಎಲ್ಕ್ ಅಂದ ಕೂಡಲೇ ಅಲ್ಲಿನವರು .300 ವಿಂಚೆಸ್ಟರ್ ಮ್ಯಾಗ್ನಂ ಅನ್ನುವ ಜೋರು ತೋಟಾದ ರೈಫಲ್ ತೆಗೆದು ಕೈಗಿಟ್ಟರು. "ಇದಕ್ಕಿಂತ ಕಡಿಮೆ ಆದರೆ ಗಾಯ ಮಾಡಿ ಕಳೆದುಕೊಳ್ಳುತ್ತೀರಿ" ಅಂದರು. ಅದೇ ಕ್ಯಾಲಿಬರ್‌ನ ರೈಫಲನ್ನು ರೇಂಜ್‌ನಲ್ಲಿ ಒಬ್ಬರು ಹೊಡೆದು ನೋಡಲು ಕೊಟ್ಟರು. ನನ್ನ ಎತ್ತರ 5 ಅಡಿ 2 ಇಂಚು. ಒಂದೇ ಗುಂಡಿಗೆ ಸ್ಕೋಪ್ ಬಂದು ಹುಬ್ಬಿಗೆ ಬಡಿದು ರಕ್ತ ಬಂತು. ಎರಡನೇದನ್ನು ಕಣ್ಣು ಮುಚ್ಚಿಕೊಂಡೇ ಹೊಡೆದೆ, ಸುಳ್ಳು ಯಾಕೆ ಹೇಳಲಿ.

ಸ್ಕೋಪ್ ಸೇರಿ 1200 ಡಾಲರ್ ಒಳಗೆ ಆಗಬೇಕು. ಇಬ್ಬರೂ ಸರದಿ ಮೇಲೆ ಒಂದೇ ರೈಫಲ್ ಬಳಸುತ್ತೇವೆ. ಅವರು 5 ಅಡಿ 11. ಏನು ತಗೊಳ್ಳಲಿ?

ಮಡಿಕೇರಿ_ಮಂಜು · ಜೂನ್ 14

ಮೊದಲು ಹುಬ್ಬಿಗೆ ಐಸ್ ಇಡಿ ತಂಗಿ. ಆ .300ನ್ನು ಅಲ್ಲೇ ಬಿಟ್ಟು ಬನ್ನಿ.

ನಾನು ಮೊಂಟಾನಾದಲ್ಲಿ 22 ವರ್ಷದಿಂದ ಇದ್ದೇನೆ. ಕೊಡಗಿನವನು. ಕೈಲ್ ಮುಹೂರ್ತಕ್ಕೆ ಕೋವಿಗೆ ಹೂ ಇಟ್ಟು ಪೂಜೆ ಮಾಡಿ, ಮರದ ತುದಿಯ ತೆಂಗಿನಕಾಯಿಗೆ ಈಡು ಹೊಡೆದು ಬೆಳೆದವನು. ಹಾಗಾಗಿ ಇಲ್ಲಿಗೆ ಬಂದಾಗ ನನಗೆಲ್ಲ ಗೊತ್ತು ಅಂತ ಒಂದು ಜಂಬ ಇತ್ತು. ಮೊದಲು ಕೊಂಡದ್ದೇ .300 ಮ್ಯಾಗ್ನಂ. ಆರು ವರ್ಷ ಅದರ ಜೊತೆ ಗುದ್ದಾಡಿದೆ. ಭುಜಕ್ಕೆ ನೋವಾಗುತ್ತದೆ ಅಂತ ಯಾರ ಹತ್ತಿರವೂ ಹೇಳಲಿಲ್ಲ. ವರ್ಷಕ್ಕೆ ಹತ್ತು ಗುಂಡು ಕೂಡ ಅಭ್ಯಾಸ ಮಾಡುತ್ತಿರಲಿಲ್ಲ.

ಏಳನೇ ವರ್ಷ 200 ಗಜದಲ್ಲಿ ಅಡ್ಡ ನಿಂತಿದ್ದ ಹೆಣ್ಣು ಎಲ್ಕ್. ಟ್ರಿಗರ್ ಎಳೆಯುವಾಗ ಭುಜ ಬಿಗಿ ಹಿಡಿದೆ. ಗುಂಡು ಶ್ವಾಸಕೋಶಕ್ಕೆ ಹೋಗುವ ಬದಲು ಹೊಟ್ಟೆಗೆ ಹೋಯಿತು. ಕತ್ತಲಾಗುವವರೆಗೆ ರಕ್ತದ ಜಾಡು ಹಿಡಿದು ನಡೆದೆ, ಟಾರ್ಚ್ ಹಿಡಿದು ಮತ್ತೆ ನಡೆದೆ. ಸಿಕ್ಕಿದ್ದು ಮಾರನೇ ದಿನ ಬೆಳಗ್ಗೆ, ಅದೂ ಕಾಗೆ ಕೂಗಿದ್ದರಿಂದ. ಮಾಂಸ ಕೆಟ್ಟಿತ್ತು. ಅವತ್ತು ತೋಟಾ ದೊಡ್ಡದೇ ಇತ್ತು, ಬಿದ್ದ ಜಾಗ ತಪ್ಪಿತ್ತು. ಅಂಗಡಿಯವರು ಹೇಳಿದ "ಗಾಯ ಮಾಡಿ ಕಳೆದುಕೊಳ್ಳುವುದು" ನನಗೆ ಆದದ್ದು ಅವರು ಕೊಡುವ ಕೋವಿಯಿಂದಲೇ.

ಈಗ ನನ್ನದು .30-06. 1906ರ ಕ್ಯಾಲಿಬರ್, ನನ್ನ ಅಜ್ಜನಿಗಿಂತ ಹಳೆಯದು. ನಿಮಗೆ ಅದೂ ಸ್ವಲ್ಪ ಜಾಸ್ತಿಯೇ. ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ ಹುಡುಕಿ.

ಲೆಕ್ಕಾಚಾರ · ಜೂನ್ 14

ಮೊದಲು ಕಾನೂನು ನೋಡಿಬಿಡೋಣ. ಕೊಲೊರಾಡೋದಲ್ಲಿ ರೈಫಲ್ ಕನಿಷ್ಠ .24 ಕ್ಯಾಲಿಬರ್ (ಇಂಚಿನ ಲೆಕ್ಕ) ಇರಬೇಕು. ಗುಂಡಿನ ತೂಕ ಡಿಯರ್‌ಗೆ 70 ಗ್ರೇನ್ (ಗುಂಡು ತೂಗುವ ಸಣ್ಣ ಅಳತೆ), ಎಲ್ಕ್‌ಗೆ 85 ಗ್ರೇನ್ ಆದರೂ ಇರಬೇಕು. 100 ಗಜದಲ್ಲಿ 1000 ಅಡಿ-ಪೌಂಡ್ ಶಕ್ತಿ ಉಳಿದಿರಬೇಕು. ಗುಂಡು ಒಳಗೆ ಹೋಗಿ ಅರಳುವ ಜಾತಿಯದಾಗಿರಬೇಕು. ಈ ಲೆಕ್ಕದಲ್ಲಿ .243 ಕೂಡ ಪಾಸು. ಆದರೆ ಪಾಸ್ ಮಾರ್ಕ್ ಬೇರೆ, ಫಸ್ಟ್ ಕ್ಲಾಸ್ ಬೇರೆ.

ನನ್ನ ಓಟು 6.5 ಕ್ರೀಡ್‌ಮೂರ್‌ಗೆ. 2007ರಲ್ಲಿ ಬಂದದ್ದು. 143 ಗ್ರೇನ್ ಗುಂಡು, ಸೆಕೆಂಡಿಗೆ 2700 ಅಡಿ ವೇಗ, ನಳಿಕೆಯ ಬಾಯಲ್ಲಿ ಸುಮಾರು 2300 ಅಡಿ-ಪೌಂಡ್. ಹೊಡೆದಾಗ ಭುಜಕ್ಕೆ ಬೀಳುವ ಒದೆತ ಸುಮಾರು 12 ಅಡಿ-ಪೌಂಡ್ ಮಾತ್ರ. .308ರಲ್ಲಿ 17ರ ಆಸುಪಾಸು. .300 ಮ್ಯಾಗ್ನಂ 25 ದಾಟುತ್ತದೆ. ರೈಫಲ್ ಹಗುರ ಆದಷ್ಟೂ ಈ ಸಂಖ್ಯೆ ಏರುತ್ತದೆ. ಗಾಳಿಯಲ್ಲಿ ಪಕ್ಕಕ್ಕೆ ಸರಿಯುವುದೂ 6.5ರಲ್ಲಿ ಕಡಿಮೆ.

ಟೆಕ್ಸಾಸ್_ಗೌಡ್ರು · ಜೂನ್ 15

ಬಂದರಪ್ಪ ಕ್ರೀಡ್‌ಮೂರ್ ಭಕ್ತರು 😄

.308 ತಗೊಳ್ಳಿ ತಾಯಿ. 1952ರಿಂದ ಇದೆ. ಯಾವ ಹಳ್ಳಿ ಅಂಗಡಿಗೆ ಹೋದರೂ ತೋಟಾ ಸಿಗುತ್ತದೆ. ಕೋವಿಡ್ ಟೈಮಲ್ಲಿ ಶೆಲ್ಫ್ ಎಲ್ಲ ಖಾಲಿ ಇದ್ದಾಗಲೂ ಹುಡುಕಿದರೆ ಇದು ಎಲ್ಲಾದರೂ ಸಿಗುತ್ತಿತ್ತು. ನಾನು ಇಲ್ಲಿ ಹಿಲ್ ಕಂಟ್ರಿಯಲ್ಲಿ ಅದರಲ್ಲೇ ಆಕ್ಸಿಸ್ ಡಿಯರ್ ಹೊಡೆಯುತ್ತೇನೆ. ಆಕ್ಸಿಸ್ ಅಂದರೆ ಯಾರು ಗೊತ್ತಾ? ನಮ್ಮ ಬಂಡೀಪುರದ ಚುಕ್ಕೆ ಜಿಂಕೆ! 1930ರ ದಶಕದಲ್ಲಿ ಇಲ್ಲಿಗೆ ತಂದು ಬಿಟ್ಟರು, ಅವು ಬೇಲಿ ಹಾರಿ ಊರೆಲ್ಲ ತುಂಬಿಕೊಂಡವು. ಹೊರಗಿನ ಪ್ರಾಣಿ ಅಂತ ಲೆಕ್ಕ, ಆದ್ದರಿಂದ ಅವಕ್ಕೆ ಸೀಸನ್ ಅನ್ನೋದೇ ಇಲ್ಲ. ಮೊದಲನೇ ಸಲ ನೋಡಿದಾಗ ಕೈ ನಡುಗಿತು. ಊರಲ್ಲಿ ಇದನ್ನು ಮುಟ್ಟಿದರೆ ಜೈಲು, ಇಲ್ಲಿ ಹೊಡೆದರೆ ಪಕ್ಕದ ರ‍್ಯಾಂಚಿನವನು ಥ್ಯಾಂಕ್ಸ್ ಹೇಳುತ್ತಾನೆ. ಇಬ್ಬರೂ ವಲಸೆ ಬಂದವರೇ, ಅದು ಬೇರೆ ವಿಷಯ.

ಪುಳಿಯೋಗರೆ · ಜೂನ್ 15

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಬೇಜಾರಾಗಬೇಡಿ. ಇಷ್ಟು ದೂರ ಬಂದು, ಒಳ್ಳೆ ಕೆಲಸದಲ್ಲಿ ಇದ್ದುಕೊಂಡು, ಒಂದು ಮೂಕ ಪ್ರಾಣಿ ಹೊಡೆಯುವುದು ಯಾಕೆ? ನನಗೆ ನಿಜವಾಗಲೂ ಅರ್ಥ ಆಗುವುದಿಲ್ಲ.

ಕಾಫಿಹೂವು · ಜೂನ್ 15

ಬೇಜಾರಿಲ್ಲ. ನಮ್ಮ ಮನೆಯಲ್ಲಿ ಮಾಂಸ ತಿನ್ನುತ್ತೇವೆ. ಅಂಗಡಿಯ ತಟ್ಟೆಯಲ್ಲಿ ಪ್ಲಾಸ್ಟಿಕ್ ಸುತ್ತಿ ಬರುವುದನ್ನು ತಿಂದು ತಿಂದು, ಇದನ್ನು ಯಾರೋ ಕೊಂದದ್ದು ಅನ್ನುವುದೇ ಮರೆತು ಹೋಗಿತ್ತು. ಒಂದು ಸಲವಾದರೂ ಆ ಕೆಲಸ ನಾನೇ ಮಾಡಬೇಕು ಅನ್ನಿಸಿತು. ಮಾಡಿದ ಮೇಲೆ ಇನ್ನು ಬೇಡ ಅನ್ನಿಸಿದರೂ ಅನ್ನಿಸಬಹುದು.

ಮಡಿಕೇರಿ_ಮಂಜು · ಜೂನ್ 15

ಪುಳಿಯೋಗರೆಯವರಿಗೆ ಒಂದು ಮಾತು. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆ ಅಂತ ಇದೆ. ಇಲ್ಲಿ ಮಾರುವ ರೈಫಲ್, ತೋಟಾಗಳ ಮೇಲೆ 11% ತೆರಿಗೆ ಬೀಳುತ್ತದೆ. ಆ ದುಡ್ಡು ರಾಜ್ಯಗಳ ವನ್ಯಜೀವಿ ಕೆಲಸಕ್ಕೆ ಹೋಗುತ್ತದೆ. ನೂರು ವರ್ಷದ ಹಿಂದೆ ಕೊಲೊರಾಡೋದಲ್ಲಿ ಎಲ್ಕ್ ಮುಗಿದೇ ಹೋಗುತ್ತಿತ್ತು, ವಯೋಮಿಂಗ್‌ನಿಂದ ತಂದು ಬಿಟ್ಟರು. ಇವತ್ತು ಬೇರೆ ಯಾವ ರಾಜ್ಯದಲ್ಲೂ ಅಷ್ಟು ಎಲ್ಕ್ ಇಲ್ಲ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಕಾಯ್ದೆ ಶಿಕಾರಿ ನಿಲ್ಲಿಸಿದ್ದು ಸರಿಯೇ, ಅಲ್ಲಿ ಅದೇ ಬೇಕಿತ್ತು. ಎರಡೂ ಊರಿಗೆ ಒಂದೇ ತಕ್ಕಡಿ ಬೇಡ ಅಷ್ಟೇ. ನಿಮಗೆ ಇದು ಒಪ್ಪಿಗೆ ಆಗಲೇಬೇಕು ಅಂತ ನಾನು ಹೇಳುವುದಿಲ್ಲ.

ಪುಳಿಯೋಗರೆ · ಜೂನ್ 15

ಒಪ್ಪಿಗೆ ಇಲ್ಲ. ಆದರೆ ನೀವು ಜಗಳ ಆಡದೆ ಹೇಳಿದಿರಿ, ಅದಕ್ಕೆ ಥ್ಯಾಂಕ್ಸ್. ಓದುತ್ತಾ ಇರುತ್ತೇನೆ.

ದನದ_ಡಾಕ್ಟ್ರು · ಜೂನ್ 16

ನಾನು ಐಡಹೋದಲ್ಲಿ ಪಶುವೈದ್ಯ. ಇಲ್ಲಿ ಎಲ್ಲರೂ ಕ್ಯಾಲಿಬರ್ ಬಗ್ಗೆ ಮಾತಾಡುತ್ತಿದ್ದೀರಿ. ಪ್ರಾಣಿಯ ಒಳಗೆ ಹೋಗುವುದು ಕ್ಯಾಲಿಬರ್ ಅಲ್ಲ, ಗುಂಡು. ಅದರ ಬಗ್ಗೆ ಯಾರೂ ಒಂದು ಸಾಲೂ ಬರೆದಿಲ್ಲ.

ಹೆಣ್ಣು ಎಲ್ಕ್ ಅಂದರೆ ಸುಮಾರು 225 ಕಿಲೋ. ಒಂದು ಹಳ್ಳಿಕಾರ್ ಹಸುವನ್ನು ನೆನಪು ಮಾಡಿಕೊಳ್ಳಿ, ಅಷ್ಟೇ ದಪ್ಪ. ಗಂಡು 320 ಕಿಲೋ, ಅದು ಹಳ್ಳಿಕಾರ್ ಹೋರಿ. ಮ್ಯೂಲ್ ಡಿಯರ್ ಅದರ ಮೂರನೇ ಒಂದು ಭಾಗ ಇರಬಹುದು. ಡಿಯರ್‌ಗೆ ಬೇಗ ಅರಳುವ ಮೆತ್ತನೆ ಗುಂಡು ನಡೆಯುತ್ತದೆ. ಅದೇ ಗುಂಡು ಎಲ್ಕ್‌ನ ಭುಜದ ಮೂಳೆಗೆ ಬಡಿದರೆ ಅಲ್ಲೇ ಪುಡಿಯಾಗಿ, ಶ್ವಾಸಕೋಶಕ್ಕೆ ಮುಟ್ಟದೇ ಹೋಗಬಹುದು. ಜಾನ್ ನಾಸ್ಲರ್ ಅನ್ನುವವರಿಗೆ 1940ರ ದಶಕದಲ್ಲಿ ಕೆನಡಾದಲ್ಲಿ ಇದೇ ಆಯಿತು. ಮೈಗೆಲ್ಲ ಕೆಸರು ಮೆತ್ತಿಕೊಂಡಿದ್ದ ಮೂಸ್‌ಗೆ ಹೊಡೆದ ಗುಂಡುಗಳು ಆಳಕ್ಕೆ ಇಳಿಯಲೇ ಇಲ್ಲ. ಆ ಸಿಟ್ಟಿನಲ್ಲಿ ಅವರು ಮನೆಗೆ ಬಂದು, ಮಧ್ಯೆ ತಾಮ್ರದ ಅಡ್ಡಗೋಡೆ ಇರುವ ಗುಂಡು ಮಾಡಿದರು. ಅದೇ ಪಾರ್ಟಿಷನ್. ಮುಂದಿನ ಅರ್ಧ ಅರಳುತ್ತದೆ, ಹಿಂದಿನ ಅರ್ಧ ನುಗ್ಗುತ್ತದೆ. ಇವತ್ತಿಗೂ ಮಾರುತ್ತಾರೆ.

ಈಗ ಪೂರ್ತಿ ತಾಮ್ರದ ಗುಂಡುಗಳು ಬಂದಿವೆ. ಬಾರ್ನ್ಸ್ ಟಿಎಸ್‌ಎಕ್ಸ್ ಥರದವು. ಹೂವಿನ ಹಾಗೆ ನಾಲ್ಕು ದಳ ಅರಳಿ, ತೂಕ ಕಳೆದುಕೊಳ್ಳದೆ ಆಚೆ ಹೋಗುತ್ತವೆ. ನನಗೆ ಇವು ಇಷ್ಟ ಆಗಲು ಇನ್ನೊಂದು ಕಾರಣ ಇದೆ. ಸೀಸದ ಗುಂಡಿನಿಂದ ಸತ್ತ ಡಿಯರ್‌ನ ಎಕ್ಸ್-ರೇ ತೆಗೆದು ನೋಡಿದ್ದೇನೆ. ಗಾಯದಿಂದ ಒಂದು ಗೇಣು ಆಚೆಗೂ ಸಾಸಿವೆಗಿಂತ ಸಣ್ಣ ಸೀಸದ ಚೂರು ಚೆಲ್ಲಿರುತ್ತದೆ. ಕೈಗೂ ಸಿಗಲ್ಲ, ಹಲ್ಲಿಗೂ ಸಿಗಲ್ಲ. ಮನೆಯಲ್ಲಿ ಮಕ್ಕಳಿದ್ದರೆ ಯೋಚನೆ ಮಾಡಿ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈಯಿಂದ ಬೇಟೆಗೆ ಸೀಸ ಬಳಸುವಂತೆಯೇ ಇಲ್ಲ. ಬಿಟ್ಟುಹೋದ ಕರುಳು ತಿಂದು ಕಾಂಡೋರ್ ಹದ್ದುಗಳು ಸಾಯುತ್ತಿದ್ದವು.

ತಾಮ್ರ ಅರಳಲು ವೇಗ ಬೇಕು. ಆದ್ದರಿಂದ ಅದರಲ್ಲಿ ಸ್ವಲ್ಪ ಹಗುರ ತೂಕ ಆರಿಸಿ, ವೇಗ ಜಾಸ್ತಿ ಸಿಗುತ್ತದೆ. ಒದೆತವೂ ಕಡಿಮೆ.

ಲೆಕ್ಕಾಚಾರ · ಜೂನ್ 16

ಡಾಕ್ಟ್ರೇ, ಇದನ್ನು ನಾನು ಹೇಳಬೇಕಿತ್ತು. ಸಂಖ್ಯೆ ಬರೆಯುವ ಭರದಲ್ಲಿ ಬಿಟ್ಟೆ.

ಹೊಸಬ_2 · ಜೂನ್ 16

ನಾನು ಎಚ್-1ಬಿ ಕೆಲಸದ ವೀಸಾದಲ್ಲಿದ್ದೇನೆ. ನಾನೂ ಒಂದು ರೈಫಲ್ ತಗೋಬಹುದಾ? ಗೆಳೆಯರು ಬರೀ ರೇಂಜ್‌ಗೆ ಹೋಗೋಣ ಬಾ ಅಂತಾರೆ.

ಮಡಿಕೇರಿ_ಮಂಜು · ಜೂನ್ 16

ತಡಿ ತಮ್ಮ, ಇದು ತಮಾಷೆಯ ವಿಷಯ ಅಲ್ಲ. ನಿನ್ನ ಥರ ನಾನ್-ಇಮಿಗ್ರಂಟ್ (ತಾತ್ಕಾಲಿಕ) ವೀಸಾದಲ್ಲಿ ಇರುವವರು ಕೋವಿಯನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವಂತಿಲ್ಲ ಅಂತ ಫೆಡರಲ್ ಕಾನೂನು ಹೇಳುತ್ತದೆ. ರೇಂಜ್‌ನಲ್ಲಿ ಬಾಡಿಗೆ ಕೋವಿ ಹಿಡಿದರೂ ಅದೇ ತಲೆನೋವು. ಇದಕ್ಕೆ ಕೆಲವು ವಿನಾಯಿತಿ ಇವೆ. ನಮ್ಮಂಥವರಿಗೆ ಉಪಯೋಗಕ್ಕೆ ಬರುವುದು, ಇಲ್ಲಿನ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಹಂಟಿಂಗ್ ಲೈಸೆನ್ಸ್ ಇದ್ದರೆ ಅನ್ನುವುದು. ಲೈಸೆನ್ಸ್ ಅವಧಿ ಮುಗಿದ ದಿನ ಕೋವಿ ಮನೆಯಲ್ಲಿದ್ದರೆ ವಿನಾಯಿತಿಯೂ ಮುಗಿಯಿತು. ಗ್ರೀನ್ ಕಾರ್ಡ್ ಕ್ಯೂನಲ್ಲಿ ನಿಂತಿರುವವನು ಈ ರಿಸ್ಕ್ ತಗೊಳ್ಳುವ ಮುಂಚೆ ವಕೀಲರಿಗೆ ಒಂದು ಫೋನ್ ಮಾಡು. ಗೆಳೆಯರ ಮಾತು ಕೇಳಬೇಡ, ನನ್ನದೂ ಕೇಳಬೇಡ.

ಕಾಫಿಹೂವು · ಜುಲೈ 6

ಮೂರು ವಾರ ತಡವಾಯಿತು, ಕ್ಷಮಿಸಿ. ಆಫೀಸಿನ ಇಬ್ಬರು ಮತ್ತು ಪಕ್ಕದ ಮನೆಯ ಅಜ್ಜ ಸೇರಿ ಒಂದು ಭಾನುವಾರ ನಾಲ್ಕು ರೈಫಲ್ ತಂದರು. 6.5 ಕ್ರೀಡ್‌ಮೂರ್, 7ಎಂಎಂ-08, .308, .270. ಪ್ರತಿಯೊಂದರಲ್ಲೂ ಐದೈದು ಗುಂಡು ಹೊಡೆದೆ. ಅಜ್ಜ ಒಂದು ಉಪಾಯ ಮಾಡಿದರು. ನನಗೆ ಗೊತ್ತಾಗದ ಹಾಗೆ ಮಧ್ಯೆ ಮಧ್ಯೆ ಮದ್ದಿಲ್ಲದ ಡಮ್ಮಿ ತೋಟಾ ತುಂಬಿ ಕೊಟ್ಟರು. ಟ್ರಿಗರ್ ಎಳೆದಾಗ ಟಕ್ ಅಂತ ಶಬ್ದ ಮಾತ್ರ, ಗುಂಡಿಲ್ಲ. ಆದರೂ .270ರಲ್ಲಿ ನಳಿಕೆ ಒಂದು ಇಂಚು ಕೆಳಗೆ ಬಗ್ಗಿತು. ಬಗ್ಗಿಸಿದ್ದು ನಾನೇ, ಹೆದರಿ! .308ರಲ್ಲಿ ಸ್ವಲ್ಪ. 7ಎಂಎಂ-08, 6.5 ಎರಡರಲ್ಲೂ ಅಲುಗಾಡಲಿಲ್ಲ.

ನಮ್ಮ ಯಜಮಾನರು .308ರಲ್ಲೂ ಬಗ್ಗಿಸಿದರು. ಅವರು ಅದನ್ನು ಒಪ್ಪುವುದಿಲ್ಲ.

ಈಗ 7ಎಂಎಂ-08, 6.5 ಮಧ್ಯೆ ನಿಂತಿದ್ದೇನೆ.

ದನದ_ಡಾಕ್ಟ್ರು · ಜುಲೈ 6

7ಎಂಎಂ-08. 1980ರಲ್ಲಿ ರೆಮಿಂಗ್ಟನ್ ತಂದದ್ದು. .308 ತೋಟಾದ ಹಿತ್ತಾಳೆ ಕೋಶವನ್ನೇ ಕತ್ತು ಕಿರಿದು ಮಾಡಿ 7 ಎಂಎಂ ಗುಂಡು ಕೂರಿಸಿದ್ದಾರೆ. 140 ಗ್ರೇನ್ ಗುಂಡು 2800 ಅಡಿ ವೇಗದಲ್ಲಿ ಹೋಗುತ್ತದೆ. 6.5ಗಿಂತ ಗುಂಡು ಒಂದು ಕೂದಲು ದಪ್ಪ, ಒದೆತ .308ಗಿಂತ ಕಡಿಮೆ. ಹೆಣ್ಣು ಎಲ್ಕ್‌ಗೂ ಡಿಯರ್‌ಗೂ ಇದು ಸರಿಯಾದ ಜಾಗದಲ್ಲಿದೆ. ಇದರ ಬಗ್ಗೆ ಜೋರಾಗಿ ಮಾತಾಡುವವರು ಕಡಿಮೆ, ಅದೂ ನನಗೆ ಇಷ್ಟ.

ಟೆಕ್ಸಾಸ್_ಗೌಡ್ರು · ಜುಲೈ 6

ತೋಟಾ ಎಲ್ಲಿ ಸಿಗುತ್ತೆ ಡಾಕ್ಟ್ರೇ? ವಾಲ್ಡನ್ ಪೆಟ್ರೋಲ್ ಬಂಕ್‌ನಲ್ಲಾ?

ದನದ_ಡಾಕ್ಟ್ರು · ಜುಲೈ 6

ಈಗಲೇ ಎಂಟು ಡಬ್ಬ ತಗೊಂಡು ಇಟ್ಟುಕೊಳ್ಳಲಿ ಗೌಡ್ರೇ. ಎಲ್ಲ ಒಂದೇ ಲಾಟ್ ನಂಬರ್ (ಒಂದೇ ಸಲ ತಯಾರಾದದ್ದು). ಆರು ಡಬ್ಬ ಅಭ್ಯಾಸಕ್ಕೆ. ಉಳಿದ ಎರಡು ಹತ್ತು ವರ್ಷ ಬಂದರೂ ಬರಬಹುದು.

ಲೆಕ್ಕಾಚಾರ · ಜುಲೈ 7

ನನ್ನ ಕ್ಯಾಂಡಿಡೇಟ್ ಸೋತ. ಪರವಾಗಿಲ್ಲ, ಇದೂ ಒಳ್ಳೆಯ ಮನೆತನದ್ದೇ.

ರೈಫಲ್ ವಿಷಯಕ್ಕೆ ಬಂದರೆ, ಹಿಂಬದಿಗೆ ಸ್ಪೇಸರ್ ಹಾಕಿ ಉದ್ದ ಕಡಿಮೆ ಜಾಸ್ತಿ ಮಾಡುವಂಥ ಸ್ಟಾಕ್ (ಭುಜಕ್ಕೆ ಒರಗಿಸುವ ಹಿಂಭಾಗ) ಇರುವುದನ್ನು ಹುಡುಕಿ. ನಿಮಗೆ ಗಿಡ್ಡ, ಅವರಿಗೆ ಉದ್ದ. ನಿಮ್ಮ ಹುಬ್ಬು ಒಡೆದದ್ದಕ್ಕೆ ಮ್ಯಾಗ್ನಂ ಒಂದೇ ಕಾರಣ ಅಲ್ಲ. ಸ್ಟಾಕ್ ಉದ್ದ ಇತ್ತು, ಅದಕ್ಕೆ ನೀವು ಕತ್ತು ಚಾಚಿ ಸ್ಕೋಪ್‌ಗೆ ಕಣ್ಣು ಅಂಟಿಸಿರುತ್ತೀರಿ. ಬೋಲ್ಟ್ ಆಕ್ಷನ್ (ಪ್ರತಿ ಗುಂಡಿಗೂ ಕೈಯಲ್ಲೇ ಬೋಲ್ಟ್ ಎಳೆದು ತಳ್ಳುವ ಜಾತಿ) ಸಾಕು. ರೂಗರ್ ಅಮೆರಿಕನ್ ನಿಮ್ಮ ಬಜೆಟ್‌ನಲ್ಲಿ ಆರಾಮಾಗಿ ಬರುತ್ತದೆ. ಫಿನ್‌ಲೆಂಡ್‌ನ ಟಿಕ್ಕಾ ಸ್ವಲ್ಪ ಜಾಸ್ತಿ, ಆದರೆ ಅದರ ಬೋಲ್ಟ್ ಬೆಣ್ಣೆಯ ಹಾಗೆ ಜಾರುತ್ತದೆ. ಸ್ಕೋಪ್ 3-9x40 (3ರಿಂದ 9 ಪಟ್ಟು ದೊಡ್ಡದಾಗಿ ತೋರಿಸುವ, 40 ಎಂಎಂ ಗಾಜಿನದು) ಸಾಕು. ತೀರಾ ದೊಡ್ಡದು ಹಾಕಿ ಕುತ್ತಿಗೆ ನೋಯಿಸಿಕೊಳ್ಳಬೇಡಿ. ಉಳಿದ ದುಡ್ಡನ್ನು ತೋಟಾಕ್ಕೆ, ಒಳ್ಳೆಯ ಬೂಟಿಗೆ ಹಾಕಿ. ದುಡ್ಡು ಕೊಟ್ಟ ದಿನವೇ ರೈಫಲ್ ಕೈಗೆ ಬರಲ್ಲ ಅನ್ನುವುದೂ ನೆನಪಿರಲಿ. 2023ರ ಅಕ್ಟೋಬರ್‌ನಿಂದ ಕೊಲೊರಾಡೋದಲ್ಲಿ ಮೂರು ದಿನ ಕಾಯಬೇಕು.

200 ಗಜಕ್ಕೆ ಜೀರೋ ಮಾಡಿ, ಅಂದರೆ ಅಷ್ಟು ದೂರದಲ್ಲಿ ಸ್ಕೋಪ್ ತೋರಿಸಿದ ಜಾಗಕ್ಕೇ ಗುಂಡು ಬೀಳುವ ಹಾಗೆ ಹೊಂದಿಸಿ. 300ರಲ್ಲಿ ಗುಂಡು ಸುಮಾರು 8 ಇಂಚು ಇಳಿಯುತ್ತದೆ. 400ರಲ್ಲಿ ಎರಡು ಅಡಿಯ ಹತ್ತಿರ.

ಮಡಿಕೇರಿ_ಮಂಜು · ಜುಲೈ 7

400 ಗಜದ ಮಾತು ಮೊದಲ ವರ್ಷ ಬೇಡವೇ ಬೇಡ. 10 ಇಂಚಿನ ಸ್ಟೀಲ್ ತಟ್ಟೆ ಇಟ್ಟುಕೊಳ್ಳಿ, ಎಲ್ಕ್‌ನ ಶ್ವಾಸಕೋಶದ ಜಾಗ ಅಷ್ಟೇ ಇರುತ್ತದೆ ಅಂದುಕೊಳ್ಳಿ. ಬೆಂಚ್ ಮೇಲೆ ಮರಳು ಚೀಲ ಇಟ್ಟು ಹೊಡೆಯುವುದನ್ನು ನಾನು ಲೆಕ್ಕಕ್ಕೆ ತಗೊಳ್ಳಲ್ಲ. ಮೊದಲು ದಿಬ್ಬ ಹತ್ತಿ ಓಡಿ. ಏದುಸಿರು ಬರುವಾಗ ಕೂತು, ಕವೆಕೋಲಿಗೆ ಒರಗಿಸಿ ಹೊಡೆಯಿರಿ. ಐದಕ್ಕೆ ಐದು ತಟ್ಟೆಗೆ ಬೀಳುವ ದೂರ ಎಷ್ಟೋ, ಅಷ್ಟೇ ನಿಮ್ಮ ದೂರ. ಅದು 180 ಗಜ ಆದರೆ 180. ನಾಚಿಕೆ ಪಡುವುದು ಏನೂ ಇಲ್ಲ.

ಮನೆಯಲ್ಲಿ ದಿನಾ ರಾತ್ರಿ ಖಾಲಿ ರೈಫಲ್‌ನಲ್ಲಿ ಹತ್ತು ಸಲ ಟ್ರಿಗರ್ ಎಳೆಯಿರಿ. ತೋಟಾ ಬೇರೆ ಕೋಣೆಯಲ್ಲಿರಲಿ.

ಕಾಫಿಹೂವು · ನವೆಂಬರ್ 9

ನೆನಪಿದೆಯಾ ನಾನು? ವಾಲ್ಡನ್‌ನಿಂದ ಬಂದು ನಾಲ್ಕು ದಿನ ಆಯಿತು. ಇನ್ನೂ ಕಾಲು ನೋವು.

7ಎಂಎಂ-08 ತಗೊಂಡೆವು, 139 ಗ್ರೇನ್ ತಾಮ್ರದ ಗುಂಡು. ಬೇಸಿಗೆಯೆಲ್ಲ 110 ಗುಂಡು ಹೊಡೆದೆ. ನನ್ನ ದೂರ 220 ಗಜ ಅಂತ ಬಂತು. ಮೊದಲ ದಿನ ಬೆಳಗ್ಗೆಯೇ ಹುಲ್ಲುಗಾವಲಿನ ಆಚೆ ಹದಿನೈದು ಎಲ್ಕ್ ಕಂಡವು. ರೇಂಜ್‌ಫೈಂಡರ್ 340 ಅಂತ ತೋರಿಸಿತು. ಯಜಮಾನರು "ಹೊಡಿ, ಹೊಡಿ" ಅಂದರು. ನಾನು ಕೂತು ನೋಡಿದೆ, ಕವೆಕೋಲು ಊರಿದೆ, ಆಮೇಲೆ ಬೋಲ್ಟ್ ತೆರೆದು ತೋಟಾ ಹೊರಗೆ ತೆಗೆದೆ. ಇಪ್ಪತ್ತು ನಿಮಿಷದಲ್ಲಿ ಅವು ಮರದೊಳಗೆ ಹೋದವು. ಆ ದಿನ ನಾವಿಬ್ಬರೂ ಸರಿಯಾಗಿ ಮಾತಾಡಲಿಲ್ಲ.

ಮೂರನೇ ದಿನ, ಬೆಳಗ್ಗೆ ಏಳೂವರೆ. ಸುಮಾರು 9000 ಅಡಿ ಎತ್ತರ, ಪಾದ ಮುಳುಗುವಷ್ಟು ಹಿಮ. ಎರಡು ಹೆಣ್ಣು ಎಲ್ಕ್ ಆಸ್ಪೆನ್ ಮರಗಳಿಂದ ಹೊರಗೆ ಬಂದವು. 165 ಗಜ. ಮುಂದಿನದು ಅಡ್ಡ ನಿಂತಿತು. ಶಬ್ದ ಕೇಳಿದ ನೆನಪೇ ಇಲ್ಲ. ಒದೆತವೂ ಗೊತ್ತಾಗಲಿಲ್ಲ. ಅದು ನಲವತ್ತು ಗಜ ನಡೆದು, ನಿಂತು, ಕಾಲು ಮಡಚಿ ಕೂತ ಹಾಗೆ ಬಿತ್ತು. ನಾವು ಅರ್ಧ ಗಂಟೆ ಕಾದು ಹೋದೆವು. ಗುಂಡು ಎರಡೂ ಶ್ವಾಸಕೋಶ ದಾಟಿ ಆಚೆ ಹೋಗಿತ್ತು. ಹತ್ತಿರ ಹೋದಾಗ ಕಣ್ಣು ಇನ್ನೂ ಹೊಳೆಯುತ್ತಿತ್ತು. ನಾನು ಅತ್ತೆ. ಪುಳಿಯೋಗರೆಯವರೇ, ಇದನ್ನು ನಿಮಗೂ ಹೇಳಬೇಕು ಅನ್ನಿಸಿತು.

ನಾಲ್ಕು ಕಾಲು, ಬೆನ್ನಿನ ಮಾಂಸ, ಒಳಗಿನ ಮೆತ್ತನೆ ಮಾಂಸ ಎಲ್ಲ ಬಿಡಿಸಿ ಹೊತ್ತು ತರಲು ಕತ್ತಲಾಯಿತು. ಮೂರು ಸಲ ಹತ್ತಿ ಇಳಿದೆವು, ಒಂದೊಂದು ಸಲಕ್ಕೆ ಎರಡು ಮೈಲಿ. ರೈಫಲ್ ಹಗುರ ಇದ್ದದ್ದರ ಬೆಲೆ ಅವತ್ತು ಗೊತ್ತಾಯಿತು. ಬೇರೆ ಬೇಟೆಗಾರರಿಗೆ ಕಾಣಲಿ ಅಂತ ಕಾನೂನು ಕೇಳುವ 500 ಚದರ ಇಂಚಿನ ಹೊಳೆಯುವ ಬಣ್ಣಕ್ಕೆ ನಾನು ಕಿತ್ತಳೆ ಬದಲು ಗುಲಾಬಿ ಜಾಕೆಟ್ ಹಾಕಿದ್ದೆ, ಇಲ್ಲಿ ಅದೂ ನಡೆಯುತ್ತದೆ. ಈಗ ಅದು ತೊಳೆದರೂ ಗುಲಾಬಿ ಆಗುವುದಿಲ್ಲ.

ಯಜಮಾನರು ಡಿಯರ್‌ಗೆ 150 ಗಜದಲ್ಲಿ ಗುರಿ ತಪ್ಪಿದರು, ಪೂರ್ತಿ ತಪ್ಪಿದ್ದು, ಗಾಯ ಇಲ್ಲ. ಸ್ಕೋಪ್ ಅಲುಗಾಡಿದೆ ಅನ್ನುತ್ತಾರೆ. ಅದೇ ಸ್ಕೋಪ್, ಅದೇ ವಾರ.

ಟೆಕ್ಸಾಸ್_ಗೌಡ್ರು · ನವೆಂಬರ್ 9

ಸ್ಕೋಪ್ ಪಾಪ ಬಾಯಿಲ್ಲದ್ದು, ಬಿಡಿ. .308 ಆಗಿದ್ದರೂ ಬೀಳುತ್ತಿತ್ತು ಅಂತ ಒಂದು ಮಾತು ಹೇಳಿ ಸುಮ್ನೆ ಆಗುತ್ತೇನೆ. ಭೇಷ್ ತಾಯಿ.

ಪುಳಿಯೋಗರೆ · ನವೆಂಬರ್ 9

ಓದಿದೆ. 340 ಗಜದಲ್ಲಿ ತೋಟಾ ಹೊರಗೆ ತೆಗೆದ ಜಾಗವನ್ನು ಎರಡು ಸಲ ಓದಿದೆ.

ದನದ_ಡಾಕ್ಟ್ರು · ನವೆಂಬರ್ 10

ಸಿಡಬ್ಲ್ಯುಡಿ (ಜಿಂಕೆ, ಎಲ್ಕ್‌ಗಳ ಮಿದುಳು ಕೆಡಿಸುವ ಕಾಯಿಲೆ) ಟೆಸ್ಟ್‌ಗೆ ತಲೆ ಕೊಟ್ಟಿರಾ? ಈ ಕಾಯಿಲೆಯನ್ನು ಮೊದಲು ಕಂಡದ್ದೇ ನಿಮ್ಮ ಊರಿನ ಸಂಶೋಧನಾ ಕೇಂದ್ರದಲ್ಲಿ, 1967ರಲ್ಲಿ. ಮನುಷ್ಯರಿಗೆ ಬಂದ ಉದಾಹರಣೆ ಇಲ್ಲ. ಆದರೂ ಪಾಸಿಟಿವ್ ಬಂದ ಮಾಂಸ ತಿನ್ನಬೇಡಿ ಅಂತಲೇ ಸಲಹೆ. ಎಷ್ಟು ಬೇಯಿಸಿದರೂ ಆ ಕಾಯಿಲೆ ತರುವ ಪ್ರಿಯಾನ್ (ಕೆಟ್ಟ ಪ್ರೋಟೀನ್) ಸಾಯಲ್ಲ.

ಕಾಫಿಹೂವು · ನವೆಂಬರ್ 10

ಕೊಟ್ಟಿದ್ದೇವೆ. ಫ್ರೀಜರ್‌ನಲ್ಲಿ ಬೇರೆ ಇಟ್ಟು, "ಮುಟ್ಟಬೇಡಿ" ಅಂತ ಕನ್ನಡದಲ್ಲಿ ಬರೆದು ಅಂಟಿಸಿದ್ದೇನೆ.

ಕಾಫಿಹೂವು · ನವೆಂಬರ್ 21

ರಿಪೋರ್ಟ್ ಬಂತು, ನೆಗೆಟಿವ್! ಮಂಜಣ್ಣ, ಪಂದಿ ಕರಿಯ ಹಾಗೇ ಮಾಡೋಣ ಅಂತಿದ್ದೇನೆ. ಒಂದು ಕಿಲೋ ಎಲ್ಕ್‌ಗೆ ಕಾಚಂಪುಳಿ (ಕೊಡಗಿನ ಕಪ್ಪು ಹುಳಿ) ಎಷ್ಟು ಹಾಕಲಿ?

ಮಡಿಕೇರಿ_ಮಂಜು · ನವೆಂಬರ್ 21

ಎರಡು ಚಮಚದಿಂದ ಶುರು ಮಾಡಿ, ಕೊನೆಗೆ ಹಾಕಿ. ಹಂದಿಯಲ್ಲಿ ಇರುವ ಕೊಬ್ಬು ಇದರಲ್ಲಿ ಇಲ್ಲ, ಒಣಗಿ ನಾರಾಗುತ್ತದೆ. ತುಪ್ಪ ಧಾರಾಳ ಇರಲಿ, ಉರಿ ಸಣ್ಣ ಇರಲಿ. ಕಡಂಬಟ್ಟು ಮಾಡಲು ಬರುತ್ತದಾ?

ಕಾಫಿಹೂವು · ನವೆಂಬರ್ 21

ಅಕ್ಕಿ ರೊಟ್ಟಿ ಬರುತ್ತದೆ. ನಾವು ಸಕಲೇಶಪುರದವರು.